ಡೊಡೊಯ್‌ನ ಎರಡನೆಯ ಗಂಟಲು

ನಮ್ಮ ಧ್ವನಿ ಕಲಾವಿದರ ಸಂಘದ ಅಧ್ಯಕ್ಷರಾದ ಮಾನ್ಯ ಶ್ರೀ ಫೆಲಿಸಿಸಿಮೊ ದಿಮಾಪಿಲಿಸ್ ಅವರೇ, ಊಟಕ್ಕೆ ಮುಂಚಿನ ಪ್ರಾರ್ಥನೆಯನ್ನು ಊಟ ಆರಿ ತಣ್ಣಗಾಗುವಷ್ಟು ಭಕ್ತಿಯಿಂದ ನೆರವೇರಿಸಿಕೊಟ್ಟ ಪೂಜ್ಯ ಫಾದರ್ ಮಾರ್ಸೆಲಿನೊ ಅವರೇ, 'ಚಕ್ರಪೇಟೆ' ಮಕ್ಕಳ ಧಾರಾವಾಹಿಯ ನಿರ್ಮಾಪಕಿ ಶ್ರೀಮತಿ ಎರ್ಲಿಂಡಾ ಬಗಾಯ್ ಅವರೇ, ಇಷ್ಟು ವರ್ಷ ನನ್ನ ಗಂಟಲನ್ನು ಸಹಿಸಿಕೊಂಡು ಬಂದ ರೆಕಾರ್ಡಿಂಗ್ ಮಿತ್ರರೇ, ಕೆಸೊನ್ ಸಿಟಿಯ ಶುಕ್ರವಾರದ ಟ್ರಾಫಿಕ್ಕನ್ನು ಗೆದ್ದು ಬಂದು ಕುಳಿತಿರುವ ಸಭಿಕರೇ,

ಈ ಮೈಕ್ ಕಿರುಚುತ್ತಿದೆ, ಯಾರಾದರೂ ಸ್ವಲ್ಪ ನೋಡಿ. ಧ್ವನಿಯಿಂದಲೇ ಅನ್ನ ತಿನ್ನುವವರು ತುಂಬಿರುವ ಸಭೆಯಲ್ಲಿ ಮೈಕೇ ಸರಿಯಿಲ್ಲವೆಂದರೆ ಹೊರಗಿನವರು ಏನೆಂದುಕೊಂಡಾರು? ಹಾಂ, ಈಗ ಸರಿಹೋಯಿತು.

ನಿಮ್ಮಲ್ಲಿ ಹಿರಿಯರು ಈ ಕ್ರಿಸಾಂತೊನನ್ನು ಖಳನಾಯಕನೆಂದು ಬಲ್ಲಿರಿ. ರೇಡಿಯೋ ನಾಟಕಗಳ ಕಾಲದಲ್ಲಿ ನಾನು ಮಾಡದ ಪಾಪವಿಲ್ಲ. ವಿಧವೆಯರ ಗದ್ದೆ ಕಿತ್ತುಕೊಂಡಿದ್ದೇನೆ, ಅನಾಥರನ್ನು ಕೋಣೆಯಲ್ಲಿ ಕೂಡಿಹಾಕಿದ್ದೇನೆ, ಹೆತ್ತ ತಾಯಿಯನ್ನು ಚಂಡಮಾರುತದ ದಿನ ಮನೆಯಿಂದ ಹೊರಗೆ ದೂಡಿದ್ದೇನೆ. ಇದನ್ನೆಲ್ಲ ಮಧ್ಯಾಹ್ನದೊಳಗೆ ಮುಗಿಸಿ, ಕೈ ತೊಳೆದುಕೊಂಡು ಊಟಕ್ಕೆ ಹೋಗುತ್ತಿದ್ದೆ. ಒಂದು ದಿನ ಕುಬಾವೊ ಮಾರುಕಟ್ಟೆಯಲ್ಲಿ ಮೀನು ಮಾರುವ ಹೆಂಗಸಿನ ಮುಂದೆ ನಿಂತು 'ಇದು ತಾಜಾನಾ' ಎಂದು ಕೇಳಿದೆ, ಅಷ್ಟೆ. ನನ್ನ ಗಂಟಲು ಕೇಳಿದ್ದೇ ತಡ, ಅವಳು ಕತ್ತಿ ಎತ್ತಿಕೊಂಡು ಎದ್ದು ನಿಂತಳು.

"ಓಹೋ, ನೀನಾ? ಹೆತ್ತ ತಾಯಿನ ಮಳೇಲಿ ಆಚೆ ಹಾಕ್ದೋನು! ನಿನ್ನ ಮೋರೆಗೆ ನನ್ ಮೀನು ಬೇರೆ ಕೇಡು! ನಡಿ ಆಚೆ, ಇಲ್ಲಾಂದ್ರೆ ಈ ಕತ್ತಿಗೆ ಕೆಲ್ಸ ಕೊಡ್ತೀನಿ!"

ನನ್ನ ಪಕ್ಕದಲ್ಲಿ ಗೆಳೆಯ ಅರ್ಸೆನಿಯೊ, ನಮ್ಮೆಲ್ಲರ ಆರ್ಸಿಂಗ್, ನಿಂತಿದ್ದ. ಅದೇ ನಾಟಕದ ನಾಯಕ. "ಹೋಗ್ಲಿ ಬಿಡಕ್ಕಾ, ಅವನಿಗೂ ಹೊಟ್ಟೆ ಇದೆಯಲ್ಲ" ಎಂದ. ಅವನ ದನಿ ಕೇಳಿ ಅವಳು ಕರಗಿ ನೀರಾಗಿ, ಬುಟ್ಟಿಯ ಅಡಿಯಿಂದ ದೊಡ್ಡ ಮೀನೊಂದನ್ನು ಆರಿಸಿ ಅವನ ಕೈಗಿಟ್ಟಳು. ಆ ಮೀನನ್ನು ನಾವಿಬ್ಬರೂ ಹಂಚಿಕೊಂಡು ತಿಂದೆವು. ನಾಯಕನಿಗೆ ಸಿಗುತ್ತಿದ್ದ ಪ್ರೀತಿಯಲ್ಲಿ ನನ್ನ ಪಾಲಿಗೆ ಬರುತ್ತಿದ್ದದ್ದು ಸಾಮಾನ್ಯವಾಗಿ ಬಾಲದ ಕಡೆಯ ತುಂಡು.

ಸಭಿಕರೇ, ಅಂಥ ನನಗೆ ಇಂದು ಸನ್ಮಾನ. ಯಾತಕ್ಕೆ? ಕ್ರಿಸಾಂತೊ ಕ್ರಿಸಾಂತೊ ಆಗಿದ್ದದ್ದಕ್ಕಲ್ಲ. ಕ್ರಿಸಾಂತೊ ಆರ್ಸಿಂಗ್ ಆಗಿದ್ದಕ್ಕೆ. ಈಗಷ್ಟೇ ನಿರೂಪಕಿ ಎಷ್ಟು ಚೆನ್ನಾಗಿ ಓದಿದರು: "ಅಗಲಿದ ಕಲಾವಿದ ಅರ್ಸೆನಿಯೊ ಅವರ ಜನಪ್ರಿಯ ಪಾತ್ರದ ಧ್ವನಿಯನ್ನು, ನಾಡಿನ ಒಂದು ಮಗುವಿಗೂ ವ್ಯತ್ಯಾಸ ತಿಳಿಯದಂತೆ ಮುಂದುವರಿಸಿದ್ದಕ್ಕಾಗಿ." ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಜೋರಾಗಿಯೇ ತಟ್ಟಿದಿರಿ. ಎರಡು ಮಾತು ಹೇಳಿ ಕೂರಬೇಕೆಂದು ಅಧ್ಯಕ್ಷರು ಸೂಚಿಸಿದ್ದಾರೆ. ಅಧ್ಯಕ್ಷರ ಕ್ಷಮೆ ಕೋರುತ್ತೇನೆ, ಎರಡರಲ್ಲಿ ಆಗುವ ಮಾತಲ್ಲ ಇದು.

ಫಾದರ್ ಮಾರ್ಸೆಲಿನೊ ಅವರಿಗೆ ಟೀವಿ ನೋಡುವ ಅಭ್ಯಾಸವಿಲ್ಲ ಎಂದು ಕೇಳಿದ್ದೇನೆ. ಅವರಿಗಾಗಿ ಒಂದೆರಡು ವಾಕ್ಯ. ಚಕ್ರಪೇಟೆ ಎಂಬ ಊರಿನಲ್ಲಿ ಕಾಲಿರುವ ಪ್ರಾಣಿಯೇ ಇಲ್ಲ. ಎಲ್ಲವೂ ಚಕ್ರದ ಮೇಲೆ ಓಡಾಡುತ್ತವೆ. ಬಾತುಕೋಳಿಗೆ ಮೂರು ಚಕ್ರ, ಅದು ಟ್ರೈಸಿಕಲ್ಲು. ಮೇಕೆ ಹಾಲಿನ ವ್ಯಾನು. ಡೊಡೊಯ್ ಎಂಬ ಕೋಣ ಜೀಪ್ನಿ, ದಾರಿಯುದ್ದಕ್ಕೂ ಜನರನ್ನು ಹತ್ತಿಸಿಕೊಂಡು ಹೋಗುವ ಬಾಡಿಗೆ ಗಾಡಿ. ಅವನ ಬೆನ್ನ ಮೇಲೆ ಎರಡು ಸಾಲು ಬೆಂಚು, ಕೊಂಬಿನ ತುದಿಗೆ ಬಣ್ಣದ ದೀಪ, ಹಣೆಯ ಮೇಲೆ ಮೇರಿಮಾತೆಯ ಚಿತ್ರ. ಇನ್ನು ಸಿಪಿತ್ ಎಂಬ ಏಡಿ. ಚಕ್ರ ಕೊಟ್ಟರೂ ಅಡ್ಡಡ್ಡಲೇ ಹೋಗಿ ಎಲ್ಲರ ದಾರಿಗೆ ಅಡ್ಡ ನಿಲ್ಲುವ ಕೇಡಿಗ ಅವನು. ಆ ಏಡಿ ಯಾರು ಎಂದು ನೀವು ಊಹಿಸಿಯೇ ಇದ್ದೀರಿ. ನಾಯಕ ಯಾರೆಂದೂ ಊಹಿಸಿದ್ದೀರಿ. ರೇಡಿಯೋ ಹೋಗಿ ಟೀವಿ ಬಂತು, ಮನುಷ್ಯರು ಹೋಗಿ ಚಕ್ರದ ಪ್ರಾಣಿಗಳು ಬಂದವು, ನಮ್ಮಿಬ್ಬರ ಪಾಲು ಮಾತ್ರ ಬದಲಾಗಲಿಲ್ಲ.

ಡೊಡೊಯ್ ಹಳೆಯ ಡೀಸೆಲ್ ಗಾಡಿ. ಪ್ರತಿ ಕಂತಿನ ಶುರುವಿನಲ್ಲಿ ಅವನು ಸುಲಭಕ್ಕೆ ಸ್ಟಾರ್ಟ್ ಆಗುವುದಿಲ್ಲ. ಕೆಮ್ಮುತ್ತಾನೆ, ಗೊರಗುಟ್ಟುತ್ತಾನೆ, ನಿಲ್ಲುತ್ತಾನೆ, ಮತ್ತೆ ಕೆಮ್ಮುತ್ತಾನೆ. ಕೊನೆಗೆ ಗುಡುಗುಡು ಎಂದು ಎದ್ದು, "ಹತ್ತಿ ಹತ್ತಿ, ಜಾಗ ಇದೆ, ಎಲ್ಲಾರ್ಗೂ ಜಾಗ ಇದೆ!" ಎಂದು ಕೂಗುತ್ತಾನೆ. ಮನೆಮನೆಯಲ್ಲೂ ಮಕ್ಕಳು ಆ ಕೆಮ್ಮಿಗೆ ಬಿದ್ದು ಬಿದ್ದು ನಗುತ್ತಿದ್ದವು. ಚಿತ್ರ ಬರೆದವರಿಗೆ ಹೊಳೆದದ್ದಲ್ಲ ಅದು, ಆರ್ಸಿಂಗ್‌ನದೇ ಕಲ್ಪನೆ. ಅವನ ತಂದೆ ನಿಜವಾಗಿ ಜೀಪ್ನಿ ಓಡಿಸುತ್ತಿದ್ದರು.

ಕಳೆದ ವರ್ಷದ ಕೊನೆಗೆ ಆ ಕೆಮ್ಮು ಎಷ್ಟು ಚೆನ್ನಾಗಿ ಬರತೊಡಗಿತು ಗೊತ್ತೇ? ಗಾಜಿನ ಆಚೆಯಿಂದ ನಮ್ಮ ಇಂಜಿನಿಯರು ಹೆಬ್ಬೆರಳು ಎತ್ತಿ ತೋರಿಸುತ್ತಿದ್ದರು. "ಇವತ್ತಿನ ಸ್ಟಾರ್ಟಿಂಗ್ ಭರ್ಜರಿ, ಆರ್ಸಿಂಗ್ ಅಣ್ಣ!" ನಾನೂ ಬೆನ್ನು ತಟ್ಟಿದೆ. ನಾನು ಅವನ ಪಕ್ಕದ ಮೈಕಿನ ಮುಂದೆ ಬಿಸಿ ಶುಂಠಿ ಕಷಾಯ ಕುಡಿಯುತ್ತಾ ನಿಂತಿದ್ದೆ. ಉಸಿರಿನ ಒಂದು ಎಳೆ ಹೆಚ್ಚಾದರೆ ಗುರುತಿಸಿ 'ಇನ್ನೊಮ್ಮೆ' ಎನ್ನುವ ಕಿವಿಗಳು ನಮ್ಮವು. ಅಷ್ಟೂ ಕಿವಿಗಳ ಮುಂದೆ ಒಬ್ಬ ಮನುಷ್ಯ ನಿಜವಾಗಿ ಕೆಮ್ಮುತ್ತಿದ್ದ, ನಾವು ಅಭಿನಯ ಎಂದು ಮೆಚ್ಚಿಕೊಂಡೆವು. ಮನೆಯಲ್ಲೂ ಅಷ್ಟೇ. ಅವನು ಕೆಮ್ಮಿದರೆ ಮಗಳು ಯುಮಿ ಓಡಿಬಂದು ಚಪ್ಪಾಳೆ ತಟ್ಟುತ್ತಿದ್ದಳು, "ಅಪ್ಪ ಡೊಡೊಯ್ ಆದ್ರು, ಅಪ್ಪ ಡೊಡೊಯ್ ಆದ್ರು" ಎಂದು. ಅವಳು ನಗುತ್ತಾಳಲ್ಲ ಎಂದು ಅವನು ಇನ್ನೊಂದು ಸಲ ಕೆಮ್ಮುತ್ತಿದ್ದನಂತೆ. ಶ್ವಾಸಕೋಶದ ಕ್ಯಾನ್ಸರ್ ಎಂದು ಡಾಕ್ಟರು ಹೇಳುವ ಹೊತ್ತಿಗೆ ಹೇಳಿ ಪ್ರಯೋಜನವಿರಲಿಲ್ಲ. ಜೂನ್ ತಿಂಗಳಲ್ಲಿ ಹೋಗಿಬಿಟ್ಟ. ಯುಮಿಗೆ ಆಗ ಇನ್ನೂ ಐದು ತುಂಬಿರಲಿಲ್ಲ.

ಶವಪೆಟ್ಟಿಗೆಯ ಮುಂದೆ, ನಮ್ಮ ಪದ್ಧತಿಯಂತೆ ನಿದ್ದೆ ಬಾರದಿರಲೆಂದು ಇಸ್ಪೀಟು ಆಡುತ್ತಾ ಕಾವಲು ಕೂತ ದಿನಗಳಲ್ಲೇ ಎರ್ಲಿಂಡಾ ಮೇಡಂ ನನ್ನ ಪಕ್ಕ ಬಂದು ಕುಳಿತರು. ಅವರ ಕಣ್ಣು ಕೆಂಪಗಿತ್ತು, ಅದನ್ನು ನಾನು ಮರೆಮಾಚುವುದಿಲ್ಲ. "ಸಾಂತೊ, ಆರ್ಸಿಂಗ್ ಮಾಡಿಟ್ಟ ಕಂತುಗಳು ಇನ್ನೊಂದಷ್ಟು ವಾರಕ್ಕೆ ಸಾಕು. ಆಮೇಲೆ? ಅವನ ಉಸಿರಿನ ಜಾಡು ಬಲ್ಲೋನು ನೀನೊಬ್ಬನೇ" ಎಂದರು. ನಾನು ಒಪ್ಪಿಕೊಂಡೆ. ಯಾಕೆ ಒಪ್ಪಬಾರದು? ಸ್ನೇಹಿತನ ಪಾತ್ರ ಬೇರೆ ಯಾರದೋ ಬಾಯಿಗೆ ಬಿದ್ದು ಹಾಳಾಗುವುದಕ್ಕಿಂತ ನಾನೇ ಉಳಿಸಿಕೊಳ್ಳುತ್ತೇನೆ ಎಂದುಕೊಂಡೆ. ಒಪ್ಪುವುದಕ್ಕೆ ಅದೊಂದೇ ಕಾರಣ. ಬೇರೆ ಕಾರಣ ಇದ್ದಿದ್ದರೆ ಹೇಳುತ್ತಿದ್ದೆ.

ಅವನ ಹಳೆಯ ರೆಕಾರ್ಡಿಂಗುಗಳನ್ನು ಕಿವಿಗೆ ಹಾಕಿಕೊಂಡು ಕಲಿಯತೊಡಗಿದೆ. ಮಾತು ಬೇಗ ಬಂತು. ಕೆಮ್ಮು ಬರಲಿಲ್ಲ. ಅದಕ್ಕಾಗಿ ಅವನ ಕೊನೆಯ ಕಂತುಗಳನ್ನೇ ಹಾಕಿ ಹಾಕಿ ಕೇಳಿದೆ, ಏಕೆಂದರೆ ಅವುಗಳಲ್ಲೇ ಅದು ಅತ್ಯುತ್ತಮವಾಗಿತ್ತು. ಸಭಿಕರೇ, ನೀವು ಸನ್ಮಾನಿಸಿರುವ ಈ ಗಂಟಲು ಕಲಿತದ್ದು ಸಾಯುತ್ತಿದ್ದವನ ಕೆಮ್ಮನ್ನು. ಅದನ್ನು ಸರಿಯಾಗಿ ಕಲಿತ ದಿನ ರೆಕಾರ್ಡಿಂಗ್ ಬೂತಿನಲ್ಲಿ ಎಲ್ಲರೂ ಅತ್ತರು, ಆಮೇಲೆ ಎಲ್ಲರೂ ಬನ್ನು ತಿಂದೆವು. ಏಡಿಯೂ ನಾನೇ ಆದ್ದರಿಂದ ಅಂದಿನಿಂದ ನನ್ನನ್ನು ನಾನೇ ಬೈದುಕೊಂಡು, ನನ್ನನ್ನು ನಾನೇ ಕ್ಷಮಿಸತೊಡಗಿದೆ. "ಎಲೈ ಕೋಣವೇ, ದಾರಿ ಬಿಡು!" ಎಂದು ಎಡಗಡೆ ತಿರುಗಿ ಹೇಳುತ್ತಿದ್ದೆ. ಆ ಕಡೆಯ ಮೈಕಿನ ಮುಂದೆ ಯಾರೂ ಇರುತ್ತಿರಲಿಲ್ಲ.

ಈಗ ನಲವತ್ತನೆಯ ದಿನದ ವಿಷಯ. ಸತ್ತವರ ಜೀವ ಆ ದಿನದವರೆಗೂ ಮನೆಯ ಸುತ್ತಲೇ ಓಡಾಡಿಕೊಂಡಿರುತ್ತದೆ, ಆ ದಿನ ಪ್ರಾರ್ಥನೆ ಮುಗಿಸಿ, ಬಾಗಿಲು ತೆರೆದು ಬೀಳ್ಕೊಟ್ಟರೆ ಹೊರಟುಹೋಗುತ್ತದೆ ಎಂದು ನಮ್ಮ ಅಜ್ಜಿಯರು ಹೇಳಿಕೊಟ್ಟಿದ್ದಾರೆ. ಫಾದರ್ ಇದನ್ನು ಬೇರೆ ಮಾತುಗಳಲ್ಲಿ ಹೇಳಿಯಾರು, ಆದರೆ ಅಂದು ಬಾಗಿಲ ಬಳಿ ಅವರೂ ನಿಲ್ಲುತ್ತಾರೆ. ಆರ್ಸಿಂಗ್‌ನ ತಾಯಿ, ಪಾಸಿಂಗ್ ಅಜ್ಜಿ, ಮೊಮ್ಮಗಳಿಗೂ ಹಾಗೆಯೇ ಹೇಳಿಕೊಟ್ಟಿದ್ದರು. ಅಜ್ಜಿ ಮೊಮ್ಮಗಳ ನಡುವೆ ನಡೆದ ಈ ಮಾತು ನನಗೆ ತಿಳಿದದ್ದು ಎಷ್ಟೋ ತಿಂಗಳ ಮೇಲೆ, ಆದರೂ ಇಲ್ಲೇ ಹೇಳಿಬಿಡುತ್ತೇನೆ.

"ಅಜ್ಜೀ, ಅಪ್ಪ ಹೋದ್ರು ಅಂತ ನಮ್ಗೆ ಹೆಂಗೆ ಗೊತ್ತಾಗುತ್ತೆ?"

"ಆಮೇಲೆ ಅಪ್ಪನ ಸದ್ದು ಕೇಳ್ಸಲ್ಲ ಪುಟ್ಟಿ. ಸದ್ದು ನಿಂತ್ರೆ ಹೋದ್ರು ಅಂತ ಲೆಕ್ಕ."

ಅಜ್ಜಿ ಹೇಳಿದ್ದು ಮೆಟ್ಟಿಲ ಮೇಲಿನ ಹೆಜ್ಜೆ ಸದ್ದು, ಕುರ್ಚಿ ಕಿರುಗುಟ್ಟುವ ಸದ್ದು, ಅಂಥವನ್ನು. ಮಗು ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿತು. ದಿನಾ ಸಂಜೆ ಟೀವಿಯ ಮುಂದೆ ಕೂತು ಕೇಳಿತು. ಅಪ್ಪ ಇದ್ದಾರೆ. ಇವತ್ತೂ ಇದ್ದಾರೆ. ಅಜ್ಜಿ ಹೇಳಿದ್ದು ಸರಿ.

ಆ ನಲವತ್ತನೆಯ ದಿನ ಸಂಜೆ ನಾನೂ ಅವರ ಮನೆಯಲ್ಲಿದ್ದೆ. ಪ್ರಾರ್ಥನೆ ಆಯಿತು, ಶ್ಯಾವಿಗೆ ಬಡಿಸಿದರು, ಆರ್ಸಿಂಗ್‌ನ ಜಾಗದಲ್ಲಿ ಒಂದು ತಟ್ಟೆ ಇಟ್ಟರು. ಹೊರಗೆ ಕತ್ತಲು ಇಳಿಯುವ ಮೊದಲು ಕಳಿಸಿಕೊಡಬೇಕೆಂದು ಅಜ್ಜಿ ಮೇಣದಬತ್ತಿ ಹಿಡಿದು ಬಾಗಿಲು ತೆರೆದರು. ಅಷ್ಟರಲ್ಲಿ ಒಳಗೆ ಟೀವಿಯಲ್ಲಿ ಡೊಡೊಯ್ ಕೆಮ್ಮಿದ. ಅವನ ಕಂತುಗಳು ಮುಗಿದು, ನನ್ನ ಮೊದಲ ಕಂತು ಬರುತ್ತಿದ್ದದ್ದು ಅದೇ ಸಂಜೆ. ಯಾರೋ ಸೋದರಮಾವ ನನ್ನ ಭುಜ ಹಿಡಿದು "ಥೇಟ್ ಅವನೇ ಕಣಯ್ಯಾ" ಎಂದರು. ಆಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ತಟ್ಟೆಯಲ್ಲಿದ್ದದ್ದನ್ನು ಬಿಟ್ಟು ಎದ್ದು ನಿಂತೆ.

"ಬಾ ಪುಟ್ಟಿ, ಅಪ್ಪನ್ನ ಕಳಿಸ್ಕೊಡೋಣ ಬಾ" ಎಂದು ಅಜ್ಜಿ ಕರೆದರು.

ಯುಮಿ ಟೀವಿಯಿಂದ ಕಣ್ಣು ತೆಗೆಯಲಿಲ್ಲ. "ಅಪ್ಪ ಹೋಗ್ತಿಲ್ಲ ಅಜ್ಜೀ! ಇಲ್ಲೇ ಇದಾರೆ, ಕೇಳಿಸ್ಕೋ!"

ಹೆಂಗಸರು ಕೈಗಳಿಂದ ಮುಖ ಮುಚ್ಚಿಕೊಂಡು ಅತ್ತರು. ಗಂಡಸರು ನಕ್ಕರು. ಮಗುವಿನ ಮಾತು ಎಂದು ಎಲ್ಲರೂ ಬಿಟ್ಟೆವು. ಅವಳನ್ನು ಒಳಗೇ ಬಿಟ್ಟು, ನಾವು ಬಾಗಿಲ ಬಳಿ ಸಾಲಾಗಿ ನಿಂತು, ಖಾಲಿ ಓಣಿಯ ಕಡೆ ಕೈಬೀಸಿ, ಹೋಗಿ ಬಾ ಆರ್ಸಿಂಗ್ ಎಂದು ಕಳಿಸಿಕೊಟ್ಟೆವು.

ಅಲ್ಲಿಂದ ಮುಂದೆ ಎಲ್ಲರೂ ಯುಮಿಯನ್ನು ಹೊಗಳಿದ್ದೇ ಹೊಗಳಿದ್ದು. ಎಂಥಾ ಗಟ್ಟಿ ಹುಡುಗಿ, ಅಳೋದೇ ಇಲ್ಲ, ತಾಯಿಗೇ ಧೈರ್ಯ ಹೇಳ್ತಾಳೆ! ನಾನು ವಾರಕ್ಕೊಮ್ಮೆ ಹೋಗಿ ಬರುತ್ತಿದ್ದೆ. ಅವಳಿಗೆ ನಾನು 'ಏಡಿ ಮಾಮ'. ಸಂಜೆ ಕಾರ್ಯಕ್ರಮದ ಹೊತ್ತಿಗೆ ತನ್ನ ಪ್ಲಾಸ್ಟಿಕ್ ತಟ್ಟೆಯಲ್ಲಿ ಒಂದು ಹಿಡಿ ಅನ್ನ, ಒಂದು ಒಣಮೀನು ಇಟ್ಟು ಟೀವಿಯ ಮುಂದೆ ಇಡುತ್ತಿದ್ದಳು. ಇಷ್ಟು ದಿನ ಆದ ಮೇಲೆ ಸತ್ತವರಿಗೆ ತಟ್ಟೆ ಇಡಬಾರದು ಎಂದು ಅಜ್ಜಿ ಗದರಿದರೆ, ಅಪ್ಪನಿಗೆ ಅಲ್ವಾ ಇಟ್ಟಿರೋದು ಎನ್ನುತ್ತಿದ್ದಳು. ಡೊಡೊಯ್ "ಜಾಗ ಇದೆ, ಎಲ್ಲಾರ್ಗೂ ಜಾಗ ಇದೆ" ಎಂದರೆ, ಅವಳು "ಇಲ್ಲೂ ಜಾಗ ಇದೆ ಅಪ್ಪಾ" ಎಂದು ಉತ್ತರ ಕೊಡುತ್ತಿದ್ದಳು. ನಾನು ಹಿಂದೆ ಕುರ್ಚಿಯಲ್ಲಿ ಕುಳಿತು ಕೇಳುತ್ತಿದ್ದೆ. ನನ್ನ ದನಿಗೆ ಒಂದು ಮಗು ಅಪ್ಪಾ ಎನ್ನುತ್ತಿತ್ತು. ನನಗೆ ಮಕ್ಕಳಿಲ್ಲ. ಇದನ್ನು ಈಗ ಯಾಕೆ ಹೇಳಿದೆನೋ ತಿಳಿಯದು, ಮುಂದಕ್ಕೆ ಹೋಗೋಣ.

ಯಾರೂ ಅವಳಿಗೆ ಸುಳ್ಳು ಹೇಳಲಿಲ್ಲ, ಸಭಿಕರೇ. ಅದನ್ನು ಒತ್ತಿ ಹೇಳುತ್ತೇನೆ. ಅಪ್ಪ ಸತ್ತರು ಎಂದು ಅವಳಿಗೆ ಹೇಳಿದ್ದೆವು. ಟೀವಿಯಲ್ಲಿರುವುದು ಗೊಂಬೆ ಎಂದೂ ಹೇಳಿದ್ದೆವು. ಆ ಗೊಂಬೆಯೊಳಗಿನ ಗಂಟಲು ಈಗ ಯಾರದು ಎಂಬ ಒಂದೇ ಮಾತನ್ನು ಯಾರೂ ಹೇಳಿರಲಿಲ್ಲ. ಅಜ್ಜಿ ಹೇಳಿರಬಹುದು ಎಂದು ತಾಯಿ ಲುಡಿ ಅಂದುಕೊಂಡಳು. ಸಾಂತೊ ಹೇಳಿರಬಹುದು ಎಂದು ಅಜ್ಜಿ ಅಂದುಕೊಂಡರು. ಸಾಂತೊ ಏನೆಂದುಕೊಂಡನೋ ದೇವರಿಗೆ ಗೊತ್ತು.

ನವೆಂಬರ್ ಒಂದನೆಯ ತಾರೀಖು, ಸತ್ತವರನ್ನು ನೆನೆಯುವ ಹಬ್ಬಕ್ಕೆ, ನಾವೆಲ್ಲ ಗೋರಿಗಳಿಗೆ ಹೋದೆವು. ನೀವೂ ಹೋಗಿದ್ದಿರಿ. ಆರ್ಸಿಂಗ್‌ನ ಗೋರಿಯ ಸುತ್ತ ಚಾಪೆ ಹಾಸಿ, ಹೂವು ಇಟ್ಟು, ಮೇಣದಬತ್ತಿ ಹಚ್ಚಿ, ಅಂಟಕ್ಕಿಯ ಸಿಹಿ ಬಿಚ್ಚಿಕೊಂಡು ಕುಳಿತಿದ್ದೆವು. ಯುಮಿ ಕರಗಿದ ಮೇಣವನ್ನು ಉಂಡೆ ಕಟ್ಟುತ್ತಿದ್ದಳು. ಖುಷಿಯಾಗಿಯೇ ಇದ್ದಳು. ಪಕ್ಕದ ಗೋರಿಯಲ್ಲೂ ಒಂದು ಸಂಸಾರ. ಅವರ ಗಂಡುಮಗು ಹಟ ಮಾಡುತ್ತಿತ್ತೆಂದು ತಾಯಿ ಅದರ ಕೈಗೆ ಫೋನು ಕೊಟ್ಟಳು. ಫೋನಿನಿಂದ ಡೊಡೊಯ್ ಕೆಮ್ಮಿದ.

ಯುಮಿ ಎದ್ದು ಓಡಿದಳು. ಆ ಹುಡುಗನ ಕೈಯಿಂದ ಫೋನು ಕಿತ್ತುಕೊಂಡಳು. ಅವನು ಕಿರುಚಿದ, ಇವಳೂ ಕಿರುಚಿದಳು. ಲುಡಿ ಓಡಿಹೋಗಿ ಹಿಡಿದುಕೊಂಡರೆ ತಾಯಿಯ ಎದೆಗೇ ಗುದ್ದಿದಳು.

"ಅಪ್ಪ ಇವ್ರ ಹತ್ರ ಯಾಕೆ ಬರ್ತಾರೆ? ಎಲ್ಲಾರ ಮನೆಗೂ ಬರ್ತಾರೆ! ಎಲ್ಲಾ ಮಕ್ಕಳ ಹತ್ರಾನೂ ಮಾತಾಡ್ತಾರೆ! ನಾನು ದಿನಾ ಊಟ ಇಟ್ಟು ಕರೆದ್ರೂ ಟೀವಿ ಬಿಟ್ಟು ನಮ್ಮನೆಗೆ ಮಾತ್ರ ಬರಲ್ಲ! ನಾನೇನ್ ಮಾಡ್ದೆ ಅಮ್ಮಾ? ನಾನೇನ್ ತಪ್ಪು ಮಾಡ್ದೆ?"

ಇಡೀ ಸ್ಮಶಾನ ನಮ್ಮ ಕಡೆ ತಿರುಗಿ ನೋಡಿತು. ಆ ಮಗು ಇಷ್ಟು ತಿಂಗಳೂ ಯಾಕೆ ಅಳಲಿಲ್ಲ ಎನ್ನುವುದು ನಮಗೆ ತಿಳಿದದ್ದು ಆಗ. ಅಪ್ಪ ಸತ್ತಿದ್ದಾರೆ ಎಂದು ಅವಳು ನಂಬಿಯೇ ಇರಲಿಲ್ಲ. ಸದ್ದು ನಿಂತಿರಲಿಲ್ಲವಲ್ಲ! ಅಪ್ಪ ಎಲ್ಲೋ ಇದ್ದಾರೆ, ತನ್ನನ್ನು ಬಿಟ್ಟು ಉಳಿದ ಮಕ್ಕಳಿಗೆಲ್ಲ ಜಾಗ ಕೊಡುತ್ತಿದ್ದಾರೆ, ತನ್ನ ಮೇಲೆ ಮಾತ್ರ ಮುನಿಸು. ಐದು ವರ್ಷದ ತಲೆಯೊಳಗೆ ಇಷ್ಟನ್ನು ಹೊತ್ತುಕೊಂಡು ಅವಳು ನಮಗೆ ಧೈರ್ಯ ಹೇಳುತ್ತಿದ್ದಳು. ಒಂದು ಮಗುವಿಗೂ ವ್ಯತ್ಯಾಸ ತಿಳಿಯದಂತೆ ಎಂದು ನಿರೂಪಕಿ ಓದಿದರಲ್ಲ, ನಿಜ. ಒಂದು ಮಗುವಿಗೂ ತಿಳಿಯಲಿಲ್ಲ.

ಗೇಟಿನ ಹೊರಗೆ ಲುಡಿ ನನ್ನನ್ನು ನಿಲ್ಲಿಸಿಕೊಂಡಳು.

"ಸಾಂತೊ ಅಣ್ಣಾ, ಆ ದನಿ ನಿಮ್ದು ಅಂತ ಈಗ ಎಷ್ಟು ಹೇಳಿದ್ರೂ ಅವಳು ನಂಬ್ತಿಲ್ಲ. ನೀವೇ ಬನ್ನಿ. ಅವಳ ಎದುರಿಗೆ ಕೂತು ಆ ದನಿ ತೆಗೀರಿ. ನಿಮ್ಮ ಬಾಯಿಂದ ಬರೋದನ್ನ ಅವಳು ಕಣ್ಣಾರೆ ನೋಡ್ಲಿ."

"ಬೇಡಮ್ಮಾ, ಮಗು ಹೆದರ್ಕೊಳ್ಳುತ್ತೆ" ಎಂದೆ.

"ಹೆದರ್ಲಿ. ಅಪ್ಪ ನನ್ನ ಬಿಟ್ಟು ಹೋದ್ರು ಅಂದ್ಕೊಂಡು ಬೆಳೆಯೋದಕ್ಕಿಂತ ಹೆದರೋದೇ ವಾಸಿ. ಅಪ್ಪ ಇಲ್ಲದ ಮಗುನ ನಾನು ಸಾಕ್ತೀನಿ ಅಣ್ಣಾ. ಅಪ್ಪನಿಗೆ ಬೇಡವಾದ ಮಗುನ ಹೆಂಗೆ ಸಾಕ್ಲಿ?"

ಇದಕ್ಕೆ ಉತ್ತರ ನಿಮ್ಮಲ್ಲಿ ಯಾರ ಬಳಿಯಾದರೂ ಇದೆಯೇ? ಭಾನುವಾರ ಬರ್ತೀನಿ ಎಂದೆ.

ಮುಂದಿನ ಭಾನುವಾರ ಚರ್ಚಿನ ಪೂಜೆ ಮುಗಿಸಿಕೊಂಡು ಅವರ ಮನೆಗೆ ಹೋದೆ. ಟೀವಿ ಆರಿಸಿದ್ದರು. ಅಜ್ಜಿ ಜಪಮಾಲೆ ಹಿಡಿದು ಮೂಲೆಯಲ್ಲಿ ಕುಳಿತಿದ್ದರು. ಯುಮಿಯನ್ನು ಎದುರಿಗೆ ಕೂರಿಸಿಕೊಂಡೆ. ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ ಏಡಿಯ ದನಿ ತೆಗೆದೆ. "ಎಲೈ ಪುಟಾಣಿ, ದಾರಿ ಬಿಡು!" ಅವಳು ಕಿಲಕಿಲ ನಕ್ಕಳು. "ಇನ್ನೊಂದ್ಸಲ ಮಾಮ!" ಎಂದಳು. ಇನ್ನೊಂದು ಸಲ ಮಾಡಿದೆ. ಅಲ್ಲಿಗೇ ಎದ್ದು ಹೋಗಿಬಿಡಬೇಕೆನಿಸಿತು. ಲುಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು.

ಆಮೇಲೆ ಕೆಮ್ಮಿದೆ. ಗೊರಗುಟ್ಟಿದೆ, ನಿಲ್ಲಿಸಿದೆ, ಮತ್ತೆ ಕೆಮ್ಮಿದೆ. "ಹತ್ತಿ ಹತ್ತಿ, ಜಾಗ ಇದೆ, ಎಲ್ಲಾರ್ಗೂ ಜಾಗ ಇದೆ."

ಯುಮಿ ಥಟ್ಟನೆ ಟೀವಿಯ ಕಡೆ ನೋಡಿದಳು. ಆರಿತ್ತು. ನನ್ನ ಬೆನ್ನ ಹಿಂದೆ ಹೋಗಿ ನೋಡಿದಳು. ಬಗ್ಗಿ ಮೇಜಿನ ಕೆಳಗೆ ನೋಡಿದಳು. ಆ ಮುಖದಲ್ಲಿ ಎಂಥ ಸಂಭ್ರಮ! ಅಪ್ಪ ಕೊನೆಗೂ ಮನೆಗೆ ಬಂದಿದ್ದರು, ಎಲ್ಲೋ ಅಡಗಿ ಕೂತಿದ್ದರು. ನಾನು ಮತ್ತೆ ಹೇಳಿದೆ. ಈ ಸಲ ಅವಳು ನನ್ನ ಬಾಯಿ ನೋಡಿದಳು. ಹತ್ತಿರ ಬಂದು ನನ್ನ ಗಂಟಲ ಮೇಲೆ ಬೆರಳಿಟ್ಟಳು.

"ಇನ್ನೊಂದ್ಸಲ" ಎಂದಳು. ಹೇಳಿದೆ. ಅವಳ ಬೆರಳಿನ ಕೆಳಗೆ ಗಂಟಲು ಅದುರುವುದು ನನಗೇ ಗೊತ್ತಾಗುತ್ತಿತ್ತು.

"ಮಾಮ, ನೀನೇನಾ?"

"ಹೂಂ ಪುಟ್ಟಿ. ನಾನೇ."

"ಯಾವಾಗಿಂದ?"

ಸಭಿಕರೇ, ಯಾಕೆ ಎಂದು ಕೇಳುತ್ತಾಳೆಂದು ಸಿದ್ಧನಾಗಿ ಹೋಗಿದ್ದೆ. ಹೇಗೆ ಎಂದರೂ ಉತ್ತರ ಇತ್ತು. ಯಾವಾಗಿಂದ ಎಂದು ಕೇಳುತ್ತಾಳೆಂದು ಅಂದುಕೊಂಡಿರಲಿಲ್ಲ.

"ಅವತ್ತು ಎಲ್ಲಾರೂ ಬಾಗಿಲ ಹತ್ರ ನಿಂತಿದ್ವಲ್ಲ, ಅಜ್ಜಿ ಮೇಣದಬತ್ತಿ ಹಿಡ್ಕೊಂಡು... ಅವತ್ತಿಂದ."

ಅವಳು ಬೆರಳು ತೆಗೆದಳು. ಆಮೇಲೆ ಅಜ್ಜಿಯ ಕಡೆ ತಿರುಗಿದಳು.

"ಅವತ್ತು ಅಪ್ಪ ನಿಜವಾಗ್ಲೂ ಹೋದ್ರಾ?"

"ಹೋದ್ರು ಕಂದಾ."

"ಎಲ್ಲಾರೂ ಟಾಟಾ ಮಾಡಿದ್ರಾ?"

"ಮಾಡಿದ್ವಿ."

"ನಾನು ಮಾಡ್ಲಿಲ್ಲ" ಎಂದಳು. "ಅಪ್ಪ ಹೋಗ್ವಾಗ ನಾನು ಟೀವಿ ನೋಡ್ತಿದ್ದೆ."

ಸತ್ತವರ ವಿಷಯದಲ್ಲಿ ಪಾಸಿಂಗ್ ಅಜ್ಜಿಗೆ ಗೊತ್ತಿಲ್ಲದ್ದಿಲ್ಲ. ಯಾವ ದಿನ ಏನು ಬಡಿಸಬೇಕು, ಯಾವ ಬಣ್ಣ ಉಡಬಾರದು, ಯಾವ ಕಿಟಕಿ ತೆರೆದಿಡಬೇಕು, ಎಲ್ಲಕ್ಕೂ ಅವರ ಬಳಿ ಉತ್ತರವಿದೆ. ತಡವಾಗಿ ಕೈಬೀಸಿದರೆ ಹೋದವರಿಗೆ ಕಾಣುತ್ತದೆಯೇ ಎಂದು ಮಗು ಕೇಳಿತು. ಅಜ್ಜಿ ಜಪಮಾಲೆಯನ್ನು ತೊಡೆಯ ಮೇಲೆ ಇಟ್ಟು ನನ್ನನ್ನು ನೋಡಿದರು. ಆ ನೋಟದಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ತಡೆದುಕೊಳ್ಳುತ್ತಿದ್ದೆ. ಖಳನಾಯಕನಿಗೆ ಬೈಗುಳ ಹೊಸದಲ್ಲ.

ಆ ಮಧ್ಯಾಹ್ನ ಯುಮಿ ಅತ್ತಳು. ಜೂನ್ ತಿಂಗಳಲ್ಲಿ ಅಳಬೇಕಾಗಿದ್ದದ್ದನ್ನೆಲ್ಲ ಅತ್ತಳು. ಲುಡಿ ಅವಳನ್ನು ಮಡಿಲಲ್ಲಿ ಹಾಕಿಕೊಂಡು ತಾನೂ ಅತ್ತಳು. ನಾನು ಚಪ್ಪಲಿ ಹಾಕಿಕೊಂಡು ಹೊರಗೆ ಬಂದೆ.

ಮರುದಿನ ಎರ್ಲಿಂಡಾ ಮೇಡಂ ಅವರ ಕೋಣೆಗೆ ಹೋದೆ. ಮೇಡಂ, ನೀವು ಗಡಿಯಾರ ನೋಡುತ್ತಿದ್ದೀರಿ, ಇನ್ನು ಹೆಚ್ಚು ಹೊತ್ತು ಇಲ್ಲ. ಒಂದು ಕಂತು ಕೊಡಿ ಎಂದು ಕೇಳಿದೆ. ಡೊಡೊಯ್ ಊರು ಬಿಟ್ಟು ಹೊರಡಲಿ, ಚಕ್ರಪೇಟೆಯ ಪ್ರಾಣಿಗಳೆಲ್ಲ ರಸ್ತೆ ಬದಿಗೆ ಬಂದು ನಿಂತು ಕಳಿಸಿಕೊಡಲಿ, ನಾಡಿನ ಮಕ್ಕಳೆಲ್ಲ ಟೀವಿಯ ಮುಂದೆ ನಿಂತು ಕೈಬೀಸಲಿ ಎಂದೆ. ಆ ಒಂದು ಕಂತಿಗೆ ಮಾತ್ರ ಅವನ ದನಿ ತೆಗೆಯುತ್ತೇನೆ, ಆಮೇಲೆ ಇಲ್ಲ ಎಂದೆ.

"ಮಕ್ಕಳು ಅಳ್ತವೆ ಸಾಂತೊ" ಎಂದಿರಿ ನೀವು. "ಮಕ್ಕಳನ್ನ ಅಳಿಸೋದಕ್ಕೆ ನಾವು ಈ ಕಾರ್ಯಕ್ರಮ ಮಾಡ್ತಿಲ್ಲ."

ನಿಮ್ಮ ಮಾತಿನಲ್ಲಿ ತಪ್ಪಿಲ್ಲ, ಮೇಡಂ. ಅಳುವ ಮಗುವನ್ನು ನೋಡುವುದು ಯಾರಿಗೂ ಬೇಡ. ಆದರೆ ಅಳಬೇಕಾದ ಹೊತ್ತಿನಲ್ಲಿ ಅಳದೆ, ಪ್ಲಾಸ್ಟಿಕ್ ತಟ್ಟೆಯಲ್ಲಿ ಒಣಮೀನು ಇಟ್ಟುಕೊಂಡು ಕಾದ ಒಂದು ಮಗುವನ್ನು ನಾನು ನೋಡಿದ್ದೇನೆ. ಅದಕ್ಕಿಂತ ಅಳುವುದು ವಾಸಿ. ಆ ಕಂತು ಸಿಗಲಿಲ್ಲ. ನಾನು ಕೆಲಸ ಬಿಟ್ಟೆ. ಏಡಿಯನ್ನೂ ಬಿಟ್ಟೆ.

ಡೊಡೊಯ್ ಮಾತ್ರ ನಿಲ್ಲುವುದಿಲ್ಲ. ಜನವರಿಯಿಂದ ಬೇರೆಯವರು ಮಾಡುತ್ತಾರಂತೆ. ಅವರು ಯಾರೆಂದು ನನಗೆ ಹೇಳಿಲ್ಲ, ಆದರೆ ಈ ಸಭೆಯಲ್ಲಿ ಇದ್ದಾರೆಂದು ಗೊತ್ತು. ನಿಮ್ಮಲ್ಲಿ ಒಬ್ಬರು ಈಗ ಹಳೆಯ ರೆಕಾರ್ಡಿಂಗುಗಳನ್ನು ಕಿವಿಗೆ ಹಾಕಿಕೊಂಡು ಆ ಕೆಮ್ಮನ್ನು ಅಭ್ಯಾಸ ಮಾಡುತ್ತಿದ್ದೀರಿ. ಅದು ಆರ್ಸಿಂಗ್‌ನ ಕೆಮ್ಮೋ, ಅವನಿಂದ ಕದ್ದ ನನ್ನ ಕೆಮ್ಮೋ, ನಿಮಗೂ ತಿಳಿಯುವುದಿಲ್ಲ. ನಿಮ್ಮಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ. ಅಷ್ಟು ಚೆನ್ನಾಗಿ ಮಾಡಬೇಡಿ. ನಿಮ್ಮ ದನಿಯಲ್ಲೇ ಮಾಡಿ. ಕೆಟ್ಟದಾಗಿದೆ ಎನ್ನಲಿ ಬಿಡಿ. ಎಲ್ಲೋ ಒಂದು ಮನೆಯಲ್ಲಿ ಒಂದು ಮಗು 'ಇದು ಡೊಡೊಯ್ ಅಲ್ಲ, ಡೊಡೊಯ್ ಎಲ್ಲಿಗೆ ಹೋದ' ಎಂದು ಕೇಳಲಿ. ಕೇಳಿದಾಗ ದೊಡ್ಡವರು ಯಾರಾದರೂ ಪಕ್ಕದಲ್ಲಿ ಕೂತು ಉತ್ತರ ಹೇಳಲಿ.

ಈ ಫಲಕವನ್ನು ತೆಗೆದುಕೊಂಡು ಹೋಗುತ್ತೇನೆ. ಬೇಡ ಎಂದು ವೇದಿಕೆಯ ಮೇಲೆ ನಾಟಕ ಮಾಡುವ ವಯಸ್ಸು ನನ್ನದಲ್ಲ, ಮೇಲಾಗಿ ಅಧ್ಯಕ್ಷರು ಇದನ್ನು ಹೊತ್ತುಕೊಂಡು ಮನೆಗೆ ಹೋಗಬೇಕಾಗುತ್ತದೆ. ಲುಡಿ ಈಗಲೂ ನನ್ನನ್ನು ಅಣ್ಣಾ ಎನ್ನುತ್ತಾಳೆ. ಕಳೆದ ಭಾನುವಾರ ಊಟಕ್ಕೂ ಕರೆದಿದ್ದಳು. ಯುಮಿ ಬಾಗಿಲ ಬಳಿಯೇ ನಿಂತಿದ್ದಳು. ಏಡಿ ಬೇಡ, ಕೋಣ ಬೇಡ, ನನ್ನದೇ ಬರೀ ದನಿಯಲ್ಲಿ 'ಹೇಗಿದೀಯ ಪುಟ್ಟಿ' ಎಂದು ಕೇಳೋಣವೆಂದು ಬಾಯಿ ತೆರೆದೆ. ಮಾತು ಹೊರಗೆ ಬರುವ ಮೊದಲೇ ಅವಳು ಎರಡೂ ಕೈಗಳಿಂದ ಕಿವಿ ಮುಚ್ಚಿಕೊಂಡಳು. ನಾನು ಏನೂ ಹೇಳದೆ ಒಳಗೆ ಹೋಗಿ, ಏನೂ ಹೇಳದೆ ಊಟ ಮಾಡಿ, ಏನೂ ಹೇಳದೆ ಬಂದೆ. ಇನ್ನು ಆ ಮನೆಯಲ್ಲಿ ನನಗೆ ಅಷ್ಟೇ ಮಾತು.

ಇಷ್ಟು ಹೊತ್ತು ಕಿವಿ ತೆರೆದು ಕುಳಿತು ಈ ಗಂಟಲನ್ನು ಕೇಳಿಸಿಕೊಂಡಿರಿ. ನಿಮಗೆಲ್ಲ ನನ್ನ ಧನ್ಯವಾದ. ನಮಸ್ಕಾರ.